ಬಾಗಿಲು ಕಾಣದ ಅಟ್ಟ

ಒಂದು ಹಲಗೆ, ಒಂದು ಮೊಳೆ, ಒಂದು ಸುತ್ತಿಗೆ. ಹಲಗೆಯನ್ನು ಗೋಡೆಗೆ ಒತ್ತಿ ಹಿಡಿಯಬೇಕು, ಮೊಳೆಯನ್ನು ಹಲಗೆಯ ಮೇಲಿಡಬೇಕು, ಸುತ್ತಿಗೆಯಿಂದ ಹೊಡೆಯಬೇಕು. ಇದರಲ್ಲಿ ಕಲಿಯುವುದಕ್ಕೆ ಏನಿದೆ? ಇಷ್ಟಕ್ಕೆ ಬಡಗಿ ಎಂಬ ಪ್ರತ್ಯೇಕ ಮನುಷ್ಯ ಯಾಕೆ ಬೇಕು?

ಅರವತ್ತರ ದಶಕದ ಒಂದು ಬೇಸಗೆಯ ತನಕ ಇದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಆಗ ನಾನು ಹೊಸನಗರದಲ್ಲಿ ಬಸ್ ಏಜೆಂಟ್. ‘ಸಾಗರ, ಸಾಗರ! ತೀರ್ಥಹಳ್ಳಿ, ತೀರ್ಥಹಳ್ಳಿ!’ ಎಂದು ಕೂಗಿ ಜನರನ್ನು ಹತ್ತಿಸುವುದು ನನ್ನ ಕಸುಬು. ಒಂದು ಬಸ್ಸಿಗೆ ಎರಡು ಬಸ್ಸಿನ ಜನರನ್ನೂ, ಅವರ ಕೋಳಿ, ಕುಂಬಳಕಾಯಿ, ಅಳುವ ಮಕ್ಕಳನ್ನೂ ಜೋಡಿಸಿ ಕೂರಿಸುತ್ತಿದ್ದವನು ನಾನು. ಅಲುಗಾಡದೆ ನಿಲ್ಲುವ ಹಲಗೆಗಳನ್ನು ಜೋಡಿಸುವುದು ಯಾವ ಮಹಾ ವಿದ್ಯೆ!

ಆದರೆ ಆ ಬೇಸಗೆ ನಾನೇ ಸುತ್ತಿಗೆ ಹಿಡಿದದ್ದು ಸುಮ್ಮನೆ ಹುಟ್ಟಿದ ಹುಚ್ಚಲ್ಲ. ಅದರ ಹಿಂದೆ ಒಂದು ಹೆಣ್ಣಿನ ಬದುಕಿತ್ತು. ನನ್ನ ಹೆಂಡತಿ ಸಾವಿತ್ರಿಯ ತವರು ತೀರ್ಥಹಳ್ಳಿ ಕಡೆಯ ಮೇಳಿಗೆ. ಅವಳ ತಂಗಿ ಸುಶೀಲ ಮದುವೆಯ ವಯಸ್ಸಿಗೆ ಬಂದಿದ್ದಳು. ಮೊದಲು ಅವಳನ್ನು ನೋಡಲು ಬಂದಿದ್ದ ಗಂಡೊಬ್ಬ ಉಪ್ಪಿಟ್ಟಿಗೊಮ್ಮೆ, ಕಾಫಿಗೊಮ್ಮೆ ಬಾಯಿ ತೆರೆದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ. ಅವನು ಒಪ್ಪಿದ. ಸುಶೀಲ ಒಪ್ಪಲಿಲ್ಲ.

“ಮಾತಾಡಿ ನೋಡದೆ ನಾನು ಯಾರನ್ನೂ ಒಪ್ಪದಿಲ್ಲ” ಎಂದುಬಿಟ್ಟಳು.

ಆ ಕಾಲದಲ್ಲಿ ಹುಡುಗಿ ಹಾಗೆನ್ನುವುದೆಂದರೆ ಸೂರ್ಯ ಸಾಗರದ ಕಡೆಯಿಂದ ಹುಟ್ಟಿದ ಹಾಗೆ. ನಮ್ಮ ಮಾವ ಕೆಂಡವಾದರು. ಕೊಪ್ಪದ ಕಡೆಯ ಕಾಫಿ ತೋಟದ ಲೆಕ್ಕ ಬರೆಯುವ ರೈಟರೊಬ್ಬರು, ಮೊದಲನೆಯ ಹೆಂಡತಿ ತೀರಿಕೊಂಡವರು, ಎರಡನೆಯದಕ್ಕೆ ಹುಡುಕುತ್ತಿದ್ದರು. “ಇನ್ನೊಂದು ಗಂಡಿಗೆ ತೋರಿಸ್ತೇನೆ. ಅದೂ ಆಗ್ಲಿಲ್ಲ ಅಂದ್ರೆ ಕೊಪ್ಪದವರಿಗೆ ಮಾತು ಕೊಡ್ತೇನೆ” ಎಂದು ಮಾವ ತೀರ್ಮಾನ ಹೇಳಿದರು.

ಆ ಇನ್ನೊಂದು ಗಂಡು ಸಾಗರದ ಸದಾನಂದ. ರಸ್ತೆ, ಸೇತುವೆ ನೋಡಿಕೊಳ್ಳುವ ಓವರ್ಸಿಯರ್. ಅವರ ಮನೆಯವರು ಮಾತಾಡುವುದಕ್ಕೆ ಅಡ್ಡಿಯಿಲ್ಲ ಎಂದರು. ಆದರೆ ಎಲ್ಲಿ? ಮೇಳಿಗೆಯಲ್ಲಿ ಹುಡುಗ ಹುಡುಗಿ ಎದುರುಬದುರು ಕೂತರೆ ಊರು ಊರೇ ಕಿಟಕಿಗೆ ಬರುತ್ತದೆ ಎಂದು ಮಾವನ ಭಯ. ಸಾಗರಕ್ಕೂ ಮೇಳಿಗೆಗೂ ನಡುವೆ ಇರುವುದು ಹೊಸನಗರ. ಹೊಸನಗರದಲ್ಲಿ ಇರುವುದು ನಾವು.

ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ. ಜಗಲಿ, ನಡುಮನೆ, ಅಡುಗೆಮನೆ. ನಡುಮನೆಯಲ್ಲಿ ಹಿರಿಯರು ಕೂತರೆ ಮಾತಾಡುವ ಮಕ್ಕಳಿಗೆ ಉಳಿಯುವುದು ಒಲೆ ಮಾತ್ರ. ಆದರೆ ಮೇಲೆ ಒಂದು ಅಟ್ಟದ ಕೋಣೆಯಿತ್ತು. ಅದರೊಳಗೆ ಹಳೆಯ ತೊಟ್ಟಿಲು, ತೂತು ಬಿದ್ದ ಹಂಡೆ, ಉಪ್ಪಿನಕಾಯಿ ಭರಣಿ, ಬಾವಲಿ ಹಿಕ್ಕೆ. ಮಣ್ಣಿನ ಗೋಡೆ ಮುಟ್ಟಿದರೆ ಉದುರುತ್ತಿತ್ತು.

“ಅಟ್ಟವನ್ನು ಸರಿ ಮಾಡೋಣ” ಎಂದೆ. “ಗೋಡೆಗೆಲ್ಲ ಹಲಗೆ ಹೊಡೆದು ಬಂಗಲೆ ಮಾಡಿಬಿಡ್ತೇನೆ.”

ಸಾಗರದ ಹಳೆಯ ಸರಕಾರಿ ಬಂಗಲೆಯೊಂದಕ್ಕೆ ಯಾರೋ ಸಾಹೇಬರ ಪಾರ್ಸೆಲ್ ಕೊಡಲು ಹೋದಾಗ ಅಂಥ ಕೋಣೆಯನ್ನು ಕಂಡಿದ್ದೆ. ಗೋಡೆಯೇ ಕಾಣದ ಹಾಗೆ ಸುತ್ತಲೂ ಹಲಗೆ. ಒಳಗೆ ಕಾಲಿಟ್ಟರೆ ಗುಡಿಗಾರರ ಗಂಧದ ಪೆಟ್ಟಿಗೆಯೊಳಗೆ ಹೊಕ್ಕ ಹಾಗೆ. ಅಂಥ ಕೋಣೆಯಲ್ಲಿ ಮಾತಾಡಿದರೆ ಜಗಳಗಂಟಿಯೂ ಒಪ್ಪಿಕೊಂಡಾಳು!

“ಆಚಾರ್ರಿಗೆ ಹೇಳಿ ಮಾಡ್ಸಿ ಮಾರಾಯ್ರೆ” ಎಂದಳು ಸಾವಿತ್ರಿ.

ಆಚಾರ್ರು ಸಿಗುವ ಕಾಲವಲ್ಲ ಅದು. ಶರಾವತಿಗೆ ಅಣೆಕಟ್ಟಾಗಿ ಊರು ಮುಳುಗಿದವರೆಲ್ಲ ಹೊಸ ಕಡೆ ಮನೆ ಕಟ್ಟಿಕೊಳ್ಳುತ್ತಿದ್ದರು. ಬಡಗಿಗಳೆಲ್ಲ ಅಲ್ಲಿ. ಆದರೆ ಮುಳುಗುವ ಮೊದಲು ಬಿಚ್ಚಿ ತಂದ ಮನೆಗಳ ಮರ ಸಾಗರದಲ್ಲಿ ಬೇಕಾದಷ್ಟು ಮಾರಾಟಕ್ಕಿತ್ತು. ಮರ ಇದೆ, ಕೈ ಇದೆ, ಬಡಗಿ ಯಾಕೆ?

“ನಾನೇ ಮಾಡ್ತೇನೆ” ಎಂದೆ.

ಸಾವಿತ್ರಿ ನನ್ನನ್ನೊಮ್ಮೆ ನೋಡಿದಳು. ನಮ್ಮ ಮನೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿದಳು. ಅದಕ್ಕೆ ಮೊಳೆ ಹೊಡೆದವನು ನಾನೇ. ಅದು ಮದುವೆಯಾದಂದಿನಿಂದ ವಾಲಿಕೊಂಡೇ ಇತ್ತು. “ಎಂತಾದ್ರೂ ಮಾಡಿ. ನನ್ನ ತಂಗಿಯ ಮದುವೆ ಮುರೀದೇ ಇದ್ರೆ ಸಾಕು” ಎಂದು ಒಳಗೆ ಹೋದಳು.

ಕಾರ್ಯಾರಂಭದ ಮೊದಲ ಹಂತ ಅಳತೆ. ಟೇಪು ನಮ್ಮ ಮನೆಯಲ್ಲಿರಲಿಲ್ಲ. ಕೊಡೆ ಇತ್ತು. ಅಟ್ಟದ ಗೋಡೆಗೆ ಕೊಡೆ ಹಿಡಿದು ಅಳೆದೆ. ಎತ್ತರ ಸರಿಯಾಗಿ ಮೂರು ಕೊಡೆ. ಎಷ್ಟು ಸುಲಭ! ಆ ಕೊಡೆಯನ್ನೇ ಕಂಕುಳಲ್ಲಿಟ್ಟು ಸಾಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರಯಾಣಿಕರಿಗೆ, “ಸಾಮಾನು ಮರೀಬೇಡಿ, ಕೊಡೆ ಮರೀಬೇಡಿ” ಎಂದು ಅಭ್ಯಾಸಬಲದಿಂದ ಹೇಳುತ್ತಲೇ ಇದ್ದೆ. ಸಾಗರದಲ್ಲಿ ಇಳಿದೆ. ಕೊಡೆ ಇಳಿಯಲಿಲ್ಲ! ಅದು ಬಸ್ಸಿನಲ್ಲಿ ಮುಂದಿನ ಊರಿಗೆ ಹೋಯಿತು.

ಮರದಂಗಡಿಯ ಸಾಹುಕಾರರು ಆಜಾನುಬಾಹು. ಬಾಗಿಲ ಮೂಲೆಯಲ್ಲಿ ಅವರ ಕೊಡೆ ನಿಂತಿತ್ತು. ಕೊಡೆ ಎಂದರೆ ಕೊಡೆ, ಅದರಲ್ಲಿ ಜಾತಿಯುಂಟೇ?

“ನಿಮ್ಮ ಕೊಡೆ ಸ್ವಲ್ಪ ಕೊಡಿ” ಎಂದೆ.

“ಮಳೆ ಇಲ್ಲವಲ್ಲ?” ಎಂದರು.

“ಅಳೆಯೋದಕ್ಕೆ.”

ಅವರು ಎತ್ತಿ ಕೊಟ್ಟರು. ಮುಳುಗಡೆಯಾದ ಯಾವುದೋ ದೊಡ್ಡ ಮನೆಯ ತಲೆಮೇಲಿನ ಮುಚ್ಚಿಗೆಯ ಹಲಗೆಗಳು. ಹಳದಿಗೆ ತಿರುಗಿದ ಗಟ್ಟಿ ಹಲಸು. ಮೂರು ಕೊಡೆ ಉದ್ದದವನ್ನೇ ಆರಿಸಿ ಆರಿಸಿ ತೆಗೆದಿಟ್ಟೆ.

ಅವನ್ನು ಬಸ್ಸಿನ ನೆತ್ತಿಗೆ ಏರಿಸಿದಾಗ ಅವು ಮುಂದೂ ಹಿಂದೂ ಚಾಚಿಕೊಂಡವು. ಡ್ರೈವರು ಗೊಣಗಿದ. ಏಜೆಂಟರ ಸಾಮಾನೆಂದು ಸುಮ್ಮನಾದ. ಆ ವಾರ ಯಾರೋ ಮಂತ್ರಿಗಳು ಬರುವವರಿದ್ದರು. ಹೊಸನಗರದ ಪೇಟೆ ಬಾಯಲ್ಲಿ ರಸ್ತೆಗೆ ಅಡ್ಡಲಾಗಿ ಬಟ್ಟೆ ಕಟ್ಟಿ ‘ಸುಸ್ವಾಗತ’ ಎಂದು ಬರೆದಿದ್ದರು. ಬಸ್ಸು ಅದರಡಿಗೆ ಸಲೀಸಾಗಿ ನುಗ್ಗಿತು. ಹಲಗೆ ನುಗ್ಗಲಿಲ್ಲ. ಚರ್ರನೆ ಸದ್ದಾಯಿತು. ನನ್ನ ಹಲಗೆಗಳು ‘ಸುಸ್ವಾಗತ’ವನ್ನು ಹೊದ್ದುಕೊಂಡು ಸ್ಟ್ಯಾಂಡಿಗೆ ಬಂದವು! ಅಂದು ಸಂಜೆ ನಾನೇ ಏಣಿ ಹತ್ತಿ ಅದನ್ನು ಪುನಃ ಕಟ್ಟಿಕೊಡಬೇಕಾಯಿತು. ತಲೆಕೆಳಗಾಗಿ ಕಟ್ಟಿದ್ದೆನೆಂದು ಮರುದಿನ ತಿಳಿಯಿತು.

ಹಲಗೆ ಮನೆಗೆ ಬಂದ ಮೇಲೆ ಸಾಹುಕಾರರ ಕೊಡೆ ಎಷ್ಟು ದೊಡ್ಡದೆಂದು ಅರಿವಾಯಿತು. ನಮ್ಮ ಕಡಿದಾದ ಏಣಿಮೆಟ್ಟಿಲಲ್ಲಿ ಅವು ತಿರುಗಲೇ ಇಲ್ಲ. ಒಂದು ತುದಿ ಮೇಲೆ ಹೋದರೆ ಇನ್ನೊಂದು ತುದಿ ದೇವರಮನೆಗೆ ನುಗ್ಗುತ್ತಿತ್ತು.

ಈ ಸಮಯಕ್ಕೆ ಸರಿಯಾಗಿ ಪ್ರತ್ಯಕ್ಷರಾದವರು ಪಕ್ಕದ ಮನೆಯ ಮಂಜಪ್ಪಯ್ಯ. ಅಬಕಾರಿ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ, ಮಾಡಿ ಗೊತ್ತಿರುವ ವಿಷಯವೂ ಇಲ್ಲ. ಕೈಯಲ್ಲಿ ಎಲೆಯಡಿಕೆ ಚೀಲ, ಕಾಲ ಬಳಿ ಅವರ ಕರಿಬೆಕ್ಕು.

“ಕೊಯ್ದು ಗಿಡ್ಡ ಮಾಡಿಬಿಡ್ತೇನೆ” ಎಂದೆ.

“ಛೆ, ಛೆ! ಏಜೆಂಟ್ರೆ, ಕೊಯ್ಯೋದು ಯಾವಾಗ್ಲೂ ಕೊಯ್ಯಬಹುದು. ಕೊಯ್ದದ್ದನ್ನ ಅಂಟಿಸೋಕಾಗ್ತದಾ? ಮೊದ್ಲು ಮೇಲೆ ಹೋಗ್ಲಿ. ಮಾಡಿನ ಹಂಚು ತೆಗೀರಿ, ಹಗ್ಗ ಕಟ್ಟಿ ಎಳೀರಿ.”

ಬುದ್ಧಿಯ ಮಾತೆಂದು ತೋರಿತು. ನಾನು ಮಾಡು ಹತ್ತಿ ಹಂಚು ತೆಗೆದೆ. ಕೆಳಗಿನಿಂದ ಸ್ಟ್ಯಾಂಡಿನ ಕಂಡಕ್ಟರೊಬ್ಬ ಹಗ್ಗ ಕಟ್ಟಿದ. ಮಂಜಪ್ಪಯ್ಯ ಜಗಲಿಯಲ್ಲಿ ಕೂತು “ಹೈಸಾ” ಎಂದರು. ಹಲಗೆಗಳು ಒಂದೊಂದಾಗಿ ಒಳಗೆ ಹೋದವು. ಹಂಚೂ ಒಂದು ಹೋಯಿತು. ಅದು ಜಾರಿ, ಅಡುಗೆಮನೆಯ ಬೆಳಕಿಂಡಿಯ ಮೂಲಕ ನೇರವಾಗಿ ಸಾರಿನ ಪಾತ್ರೆಗೆ!

“ಇವತ್ತು ಎಂತ ಸಾರು ಅಂತ ಕೇಳ್ಬೇಡಿ. ಹಂಚಿನ ಸಾರು!” ಎಂದು ಸಾವಿತ್ರಿ ಒಳಗಿಂದ ಕೂಗಿದಳು.

ಮೇಲೆ ಹೋದ ಹಲಗೆಗಳನ್ನು ಅಟ್ಟದಲ್ಲೇ ಕೊಯ್ದೆ. ಮೊದಲು ಕೊಯ್ದ ಹಲಗೆಯನ್ನೇ ಎಲ್ಲದರ ಅಳತೆಗೂ ಮಾದರಿಯಾಗಿಟ್ಟುಕೊಳ್ಳಬೇಕಿತ್ತು. ನಾನು ಪ್ರತಿಸಲವೂ ಆಗತಾನೇ ಕೊಯ್ದದ್ದರ ಮೇಲೆ ಮುಂದಿನದನ್ನಿಟ್ಟು ಕೊಯ್ದೆ. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಒಂದು ಗೋಡೆ ಮುಗಿಯುವ ಹೊತ್ತಿಗೆ ಹಲಗೆಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಇಳಿಯುತ್ತ ಹೋಗಿದ್ದವು.

ಇನ್ನು ಮೊಳೆ. ಮಣ್ಣಿನ ಗೋಡೆಗೆ ಮೊಳೆ ಹೊಡೆಯುವುದು ಬಹಳ ಸುಲಭ. ಸುತ್ತಿಗೆಯೇ ಬೇಡ, ಹೆಬ್ಬೆರಳಲ್ಲಿ ಒತ್ತಿದರೂ ಹೋಗುತ್ತದೆ. ತೊಂದರೆಯೆಂದರೆ ಹಾಗೆಯೇ ವಾಪಸೂ ಬರುತ್ತದೆ. ಮೊದಲ ಹಲಗೆ ಎರಡು ಉಸಿರಿನ ಹೊತ್ತು ನಿಂತಿತು. ಆಮೇಲೆ ಗೋಡೆಯ ಒಂದು ತುಂಡನ್ನೂ ಕರೆದುಕೊಂಡು ನನ್ನ ಕಾಲ ಮೇಲೆ ಬಿತ್ತು. ಎಷ್ಟು ಉದ್ದದ ಮೊಳೆ ಸಿಗುತ್ತದೋ ಅಷ್ಟು ಉದ್ದದ್ದನ್ನು ತಂದೆ. ಒಂದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಹೀಗೆ ಹೊಡೆದೆ. ಕೆಲವು ಬಗ್ಗಿದವು. ಬಗ್ಗಿದ್ದನ್ನು ಹಾಗೇ ಮಲಗಿಸಿ ಹೊಡೆದೆ. ನನ್ನ ಎಡಗೈಯ ಹೆಬ್ಬೆರಳು ಬದನೆಕಾಯಿಯಾಯಿತು.

“ಕೈ ತೋರ್ಸಿ” ಎಂದಳು ಸಾವಿತ್ರಿ. ಅರಿಸಿನ ಹಚ್ಚುತ್ತ, “ಬಿಟ್ಟುಬಿಡಿ. ಸುಣ್ಣ ಬಳಿದು ಚಾಪೆ ಹಾಸಿದ್ರೆ ಸಾಕು. ಸುಶೀಲಂಗೆ ಮಾತಾಡೋಕೆ ಜಾಗ ಬೇಕು, ಬಂಗಲೆ ಅಲ್ಲ” ಎಂದಳು.

ನಾನು ಕೇಳಲಿಲ್ಲ. ಕೇಳುವ ಹಂತವನ್ನು ದಾಟಿಹೋಗಿದ್ದೆ.

ಮಾಡು ಇಳಿದು ಅಟ್ಟದ ನೆಲಕ್ಕೆ ತಾಗುವ ಕಡೆ ಒಂದು ಮೂಲೆಯಿತ್ತು. ಕತ್ತಲೆ, ಜೇಡರ ಬಲೆ, ಹಳೆಯ ಗೋಣಿಚೀಲ. ಅದಕ್ಕೆ ಅಡ್ಡಲಾಗಿ ತುಂಡು ಹಲಗೆಗಳನ್ನು ಹೊಡೆದು ಮುಚ್ಚಿಬಿಟ್ಟೆ. ಕಾಣದ್ದು ಇಲ್ಲದ ಹಾಗೇ!

ಕೊನೆಯಲ್ಲಿ ಉಳಿದದ್ದು ಬಾಗಿಲು. ಸುತ್ತ ಹಳದಿ ಹಲಗೆ, ನಡುವೆ ಕಪ್ಪು ಬಾಗಿಲು. ಸುಂದರಿಯ ಹಲ್ಲಿನ ನಡುವೆ ಹುಳುಕು ಹಲ್ಲಿದ್ದ ಹಾಗೆ. ಆಗ ನನಗೊಂದು ದಿವ್ಯ ಯೋಚನೆ ಬಂತು. ಬಾಗಿಲ ಒಳಮೈಗೂ ಹಲಗೆ ಹೊಡೆದರೆ? ಬಾಗಿಲು ಹಾಕಿದಾಗ ಅದೂ ಗೋಡೆಯೇ ಆಗಿಬಿಡುತ್ತದೆ! ಒಳಗಡೆಯ ಚಿಲಕ ಅಡ್ಡ ಬಂತು. ಕಿತ್ತು ಎಸೆದೆ. ಬಾಗಿಲನ್ನು ತೆರೆದಿಟ್ಟುಕೊಂಡು ಅಂದವಾಗಿ ಹಲಗೆ ಜಡಿದೆ. ಅದನ್ನು ಒಮ್ಮೆ ಹಾಕಿ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಹೆಣ್ಣು ನೋಡುವ ಶಾಸ್ತ್ರದ ದಿನ ಬೆಳಗ್ಗೆ ಮಂಜಪ್ಪಯ್ಯ ಬಂದರು. “ಏಜೆಂಟ್ರೆ, ನಮ್ಮ ಬೆಕ್ಕು ಎಲ್ಲೋ ಮರಿ ಹಾಕಿದೆ. ನಿನ್ನೆಯಿಂದ ನಿಮ್ಮ ಮನೆ ಸುತ್ತಲೇ ಕೂಗ್ತಾ ತಿರುಗ್ತಾ ಇದೆ. ಮರಿ ಕಂಡ್ರಾ?”

“ಇಲ್ಲವಲ್ಲ” ಎಂದೆ. ನಿಜವನ್ನೇ ಹೇಳಿದ್ದೆ. ನಾನು ಕಂಡಿರಲಿಲ್ಲ.

ಮೇಳಿಗೆಯಿಂದ ಮಾವನೂ ಸುಶೀಲಳೂ ಬಂದಿಳಿದರು. ಸಾಗರದ ಬಸ್ಸಿನಲ್ಲಿ ಸದಾನಂದ, ಅವನ ತಂದೆ, ತಾಯಿ ಬಂದರು. ಸದಾನಂದ ತೆಳ್ಳಗೆ, ಎತ್ತರಕ್ಕೆ, ಕನ್ನಡಕದ ಹುಡುಗ. ನಮಸ್ಕಾರಕ್ಕೆ ಕೈ ಜೋಡಿಸಿದನೇ ಹೊರತು ಮಾತಿಲ್ಲ. ಉಪ್ಪಿಟ್ಟಿಗೊಮ್ಮೆ ಬಾಯಿ ತೆರೆದ. ಕಾಫಿಗೊಮ್ಮೆ ತೆರೆದ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ಸುಶೀಲಳ ಮುಖ ಸಣ್ಣಗಾಯಿತು. ಸಾವಿತ್ರಿಯ ಮುಖ ಇನ್ನೂ ಸಣ್ಣಗಾಯಿತು. ನನ್ನ ಕಣ್ಣ ಮುಂದೆ ಕೊಪ್ಪದ ರೈಟರು ಮೀಸೆ ತಿರುವುತ್ತ ನಿಂತರು. ಇನ್ನು ಕಾಪಾಡಬೇಕಾದದ್ದು ನನ್ನ ಅಟ್ಟವೇ!

“ಮಕ್ಕಳು ಮೇಲೆ ಹೋಗಿ ಎರಡು ಮಾತಾಡ್ಲಿ” ಎಂದೆ.

ಮಾವ ಗಂಟಲು ಸರಿಮಾಡಿಕೊಂಡರು. “ಆಡ್ಲಿ. ಆದ್ರೆ ಬಾಗಿಲು ತೆಗೆದೇ ಇರ್ಬೇಕು.”

“ಅದನ್ನ ಹೇಳ್ಬೇಕಾ ಮಾವ!” ಎಂದೆ.

ಮುಂದೆ ನಾನು, ಹಿಂದೆ ಸದಾನಂದ, ಅವನ ಹಿಂದೆ ಸುಶೀಲ. ಕೋಣೆಗೆ ಕಾಲಿಟ್ಟ ಸದಾನಂದ ಸುತ್ತ ನೋಡಿದ. ಗೋಡೆಯ ಹತ್ತಿರ ಹೋಗಿ ಹಲಗೆಯನ್ನು ಬೆರಳಿನಿಂದ ಸವರಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಮಾತು ಹೊರಡದಷ್ಟು ಮೆಚ್ಚಿಗೆ ಎಂದುಕೊಂಡೆ.

“ಎಲ್ಲ ನಾನೇ ಮಾಡಿದ್ದು” ಎಂದೆ.

“ಹೌದಾ?” ಎಂದ. ಅವನ ಮೊದಲ ಮಾತು!

ಅಷ್ಟಕ್ಕೇ ನಾನು ಇಳಿದು ಬರಬೇಕಿತ್ತು. ಆದರೆ ಕಲಾವಿದನ ಚಪಲ ನೋಡಿ! “ಇದರ ವಿಶೇಷ ಇನ್ನೂ ನೀವು ಕಂಡಿಲ್ಲ. ಬಾಗಿಲು ಹಾಕಿದ್ರೆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗದಿಲ್ಲ. ಇಲ್ನೋಡಿ!” ಎನ್ನುತ್ತ ಹೊರಗೆ ಬಂದು ಬಾಗಿಲನ್ನು ಎಳೆದೆ.

ಧಡ್!

ಒಳಗಿನಿಂದ ಸುಶೀಲಳ ಧ್ವನಿ ಬಂತು. “ಭಾವ, ಬಾಗಿಲು ಎಲ್ಲಿ?”

“ನೋಡಿದ್ಯಾ! ನಾನು ಹೇಳ್ಲಿಲ್ವಾ?” ಎಂದು ಹಿಗ್ಗಿದೆ.

“ನೋಡಿದ್ದಾಯ್ತು. ತೆಗೀರಿ.”

ನೂಕಿದೆ. ಬಾಗಿಲು ಅಲುಗಲಿಲ್ಲ. ಹೆಗಲು ಕೊಟ್ಟು ನೂಕಿದೆ. ಹಲಗೆಯ ಭಾರಕ್ಕೆ ಬಾಗಿಲು ಜಗ್ಗಿ ನೆಲಕ್ಕೆ ಕಚ್ಚಿಕೊಂಡಿತ್ತು. ಒಳಗಿನಿಂದ ಹಿಡಿದೆಳೆಯಲು ಚಿಲಕವಿಲ್ಲ. ಹೊರಗಿನಿಂದ ನೂಕಲು ಕಾಲೂರುವ ಜಾಗವಿಲ್ಲ. ನಿಂತಿದ್ದು ಕಡಿದಾದ ಏಣಿಮೆಟ್ಟಿಲ ತುದಿಯಲ್ಲಿ. ನಾನು ಬಾಗಿಲನ್ನು ನೂಕಿದರೆ ಬಾಗಿಲು ನನ್ನನ್ನು ನೂಕುತ್ತಿತ್ತು.

ಬೆವರು ಒರೆಸಿಕೊಂಡು ಕೆಳಗಿಳಿದೆ. ಉಳಿ ತರೋಣವೆಂದು. ನಡುಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು.

“ಮಾತಾಡ್ತಾ ಇದ್ದಾರಾ?” ಎಂದು ಹುಡುಗನ ತಾಯಿ ಕೇಳಿದರು.

“ಓಹೋ! ಬಹಳ!” ಎಂದೆ.

“ಬಾಗಿಲು ತೆಗೆದಿದೆಯಷ್ಟೆ?” ಎಂದರು ಮಾವ.

“ಬಾಗಿಲು... ಕಾಣ್ತಾ ಇಲ್ಲ ಮಾವ.”

“ಎಂತ?”

ಅದೇ ಹೊತ್ತಿಗೆ ಮೇಲಿನಿಂದ ಸದ್ದು ಶುರುವಾಯಿತು. ಟಕ್! ಕರ್ರ್! ಧೊಪ್! ಮರ ಸೀಳಿದ ಹಾಗೆ, ಏನನ್ನೋ ಎತ್ತಿ ಒಗೆದ ಹಾಗೆ. ನಡುನಡುವೆ ಕೀಚಲು ಕೂಗು. ಕೇಸರಿಬಾತಿನ ತಟ್ಟೆ ಹಿಡಿದಿದ್ದ ಹುಡುಗನ ತಾಯಿ ಎದ್ದು ನಿಂತರು.

“ಅಯ್ಯೋ ದೇವರೇ! ನಮ್ಮ ಸದಾನಂದಂಗೆ ನಿಮ್ಮ ಹುಡುಗಿ ಎಂತ ಮಾಡ್ತಾ ಇದ್ದಾಳೆ?”

ಮಾವ ಏಣಿಮೆಟ್ಟಿಲಿಗೆ ನುಗ್ಗಿದರು. ಅವರನ್ನು ತಡೆದು ನಾನೇ ಮುಂದೆ ಹತ್ತಿದೆ. ನನ್ನ ಹಿಂದೆ ಮಾವ, ಅವರ ಹಿಂದೆ ಹುಡುಗನ ತಂದೆ. ಸರ್ವಶಕ್ತಿಯನ್ನೂ ಒಟ್ಟುಗೂಡಿಸಿ ಬಾಗಿಲಿಗೆ ಹೆಗಲು ಕೊಟ್ಟೆ. ಬಾಗಿಲು ನಿಂತಲ್ಲೇ ನಿಂತಿತು. ನಾನು ಮಾವನ ಮೇಲೆ ಬಿದ್ದೆ. ಮಾವ ಬೀಗರಾಗಬೇಕಾದವರ ಮೇಲೆ ಬಿದ್ದರು. ಮೂವರೂ ಕೇಸರಿಬಾತಿನ ಪಕ್ಕಕ್ಕೆ ಬಂದು ಕೂತೆವು.

ಸಾವಿತ್ರಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಅಷ್ಟು ದಿನದ ಹೆಬ್ಬೆರಳಿನ ನೋವು ನೋವೇ ಅಲ್ಲ, ಆ ನೋಟದ ಮುಂದೆ. ನನ್ನ ಬಂಗಲೆಯ ಹುಚ್ಚಿಗೆ ಆ ಹುಡುಗಿ ಕೊಪ್ಪದ ಪಾಲಾಗುತ್ತಾಳಲ್ಲ ಎಂದು ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು.

ಆಗ ಬೀದಿಯಿಂದ ಮಂಜಪ್ಪಯ್ಯನವರ ಗಂಟಲು ಕೇಳಿಸಿತು. “ಏಜೆಂಟ್ರೆ! ಓ ಏಜೆಂಟ್ರೆ! ನಿಮ್ಮ ಮಾಡಿನ ಮೇಲೆ ಗಂಡು ಬಂದಿದೆ!”

ಎಲ್ಲರೂ ಹೊರಗೆ ಓಡಿದೆವು.

ಹಂಚುಗಳ ನಡುವೆ ಒಂದು ತೂತು. ಅದರಿಂದ ಸೊಂಟದವರೆಗೆ ಎದ್ದು ನಿಂತಿದ್ದ ಸದಾನಂದ. ಕನ್ನಡಕದ ತುಂಬ ಧೂಳು, ತಲೆಗೂದಲಿಗೆ ಜೇಡರ ಬಲೆ, ಇಸ್ತ್ರಿಯ ಶರ್ಟಿಗೆ ಮಣ್ಣು. ಎರಡು ಕೈಯಲ್ಲೂ ಒಂದೊಂದು ಬೆಕ್ಕಿನ ಮರಿ! ಪಕ್ಕದಲ್ಲಿ ಇನ್ನೊಂದು ಹಂಚು ಮೇಲೆದ್ದಿತು. ಸುಶೀಲಳ ತಲೆ ಕಾಣಿಸಿತು. ಅವಳ ಕೈಯಲ್ಲಿ ಮತ್ತೊಂದು ಮರಿ.

ನಾನು ಹಲಗೆ ಹೊಡೆದು ಮುಚ್ಚಿದ ಮೂಲೆಯ ಗೋಣಿಚೀಲದಲ್ಲಿ ಬೆಕ್ಕು ಮರಿ ಹಾಕಿತ್ತು. ಇವರಿಬ್ಬರೂ ಒಳಗೆ ಸಿಕ್ಕಿಕೊಂಡಾಗ ಗೋಡೆಯೊಳಗಿಂದ ‘ಮಿಯಾಂವ್’ ಕೇಳಿಸಿದೆ. ಹಲಗೆ ಕಿತ್ತಿದ್ದಾರೆ. ಮರಿ ಸಿಕ್ಕಿದೆ. ಬಾಗಿಲು ಸಿಕ್ಕಿಲ್ಲ. ಹಂಚು ತೆಗೆದಿದ್ದಾರೆ.

ಸ್ಟ್ಯಾಂಡಿನಲ್ಲಿ ಹೊರಡಲು ನಿಂತಿದ್ದ ತೀರ್ಥಹಳ್ಳಿಯ ಬಸ್ಸಿನವರೆಲ್ಲ ಒಂದೇ ಕಡೆಯ ಕಿಟಕಿಗೆ ಬಂದು, ಬಸ್ಸು ವಾಲಿತು. ಯಾರೂ ನೋಡಬಾರದೆಂದು ಮಾವ ಮೇಳಿಗೆಯಿಂದ ಇಲ್ಲಿಗೆ ತಂದ ದೃಶ್ಯವನ್ನು ಈಗ ಮೂರು ತಾಲ್ಲೂಕಿನವರು ಟಿಕೆಟು ಕೊಂಡು ನೋಡುತ್ತಿದ್ದರು!

ಕಂಡಕ್ಟರು ಕೂಗಿದ: “ಏಜೆಂಟ್ರೆ, ರೈಟ್ ಹೇಳ್ಲಾ, ಇನ್ನೂ ಇದ್ಯಾ?”

ಮಾವ ಕೊರಳೆತ್ತಿ ಕೂಗಿದರು. “ಸುಶೀಲ! ಎಂತ ಇದು? ಇಳಿ ಕೆಳಗೆ!”

“ಹೇಗೆ ಇಳೀಲಿ ಅಪ್ಪಯ್ಯ? ಭಾವ ಬಾಗಿಲನ್ನೇ ಕಳ್ದಿದ್ದಾರೆ!”

ಹುಡುಗನ ತಾಯಿ ಸೊಂಟದ ಮೇಲೆ ಕೈಯಿಟ್ಟರು. “ಸದಾನಂದ, ಇಷ್ಟು ಜನರ ಎದುರಿಗೆ ಹೀಗೆ ನಿಂತಿದ್ದೀಯಲ್ಲ. ಈಗ ನಾನು ಇವರಿಗೆ ಎಂತ ಅಂತ ಹೇಳ್ಲಿ?”

ಸದಾನಂದ ಮರಿಗಳನ್ನು ಎದೆಗೊತ್ತಿಕೊಂಡ.

“ನಂಗೆ ಒಪ್ಪಿಗೆ ಅಂತ ಹೇಳಮ್ಮ.”

ಬೀದಿಯೆಲ್ಲ ಸುಶೀಲಳ ಕಡೆ ತಿರುಗಿತು. ಬಸ್ಸಿನ ಕಿಟಕಿಗಳೂ ತಿರುಗಿದವು.

“ನಂಗೂ” ಎಂದಳು ಅವಳು. “ಮೊದ್ಲು ಏಣಿ ತನ್ನಿ.”

ಕಂಡಕ್ಟರು “ರೈಟ್!” ಎಂದ. ಬಸ್ಸು ಹೊರಟಿತು. ತೀರ್ಥಹಳ್ಳಿ ತಲುಪುವುದರೊಳಗೆ ಸುದ್ದಿ ದಾರಿಯ ಎಲ್ಲ ನಿಲ್ದಾಣಗಳಲ್ಲೂ ಇಳಿದಿತ್ತು.

ಏಣಿಯಿಂದಿಳಿದ ಸದಾನಂದ ಮರಿಗಳನ್ನು ಮಂಜಪ್ಪಯ್ಯನವರ ಕೈಗಿತ್ತ. ಕರಿಬೆಕ್ಕು ಓಡಿ ಬಂದು ಅವರ ಕಾಲು ಸುತ್ತಿತು. ಮಾವ ಉಳಿದ ಕೇಸರಿಬಾತನ್ನು ಬೀಗರಿಗೆ ತಾವೇ ಬಡಿಸಿದರು.

ಸಂಜೆ ಬೀಗರು ಸಾಗರದ ಬಸ್ಸು ಹತ್ತಿದ ಮೇಲೆ ನಾನು ಸುಶೀಲಳನ್ನು ಮೆಲ್ಲಗೆ ಕೇಳಿದೆ. “ಹೌದನೇ, ಬಾಯೇ ತೆರೆಯದ ಹುಡುಗ. ಅಷ್ಟು ಹೊತ್ತು ಒಳಗೆ ಎಂತ ಮಾತಾಡಿದ್ರಿ?”

ಸುಶೀಲ ನಗು ತಡೆಯಲಾರದೆ ಅಕ್ಕನ ಹೆಗಲಿಗೆ ಮುಖ ಒರಗಿಸಿದಳು. “ನಿಮ್ಮ ಬಗ್ಗೆಯೇ ಭಾವ. ಅವರು ಹಲಗೆ ನೋಡಿ, ‘ನಿಮ್ಮ ಭಾವನಿಗೆ ಮೊಳೆ ಕಂಡ್ರೆ ಯಾಕೆ ಇಷ್ಟು ಸಿಟ್ಟು?’ ಅಂತ ಕೇಳಿದ್ರು. ನಂಗೆ ನಗು ಬಂತು. ಅವರಿಗೂ ಬಂತು. ಆಮೇಲೆ ಹಲಗೆ ಕೀಳೋಕೆ ಉಳಿ ಇಲ್ಲವಲ್ಲ ಅಂತ ನಾನು ಹೇಳಿದ್ರೆ, ‘ಉಳಿ ಯಾಕೆ? ಕೇಳಿಕೊಂಡ್ರೆ ತಾನಾಗೇ ಬರ್ತದೆ’ ಅಂದ್ರು. ನಿಜ ಭಾವ! ಬೆರಳು ಹಾಕಿ ಎಳೆದ್ರೆ ಬಂತು!”

ಸಾವಿತ್ರಿಯೂ ನಕ್ಕಳು. ಬೆಳಗಿನಿಂದ ಮೊದಲ ಸಲ. ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ನಾನೂ ನಗಬೇಕೆಂದುಕೊಂಡೆ. ಆದರೆ ಅಷ್ಟು ಉದ್ದದ ಮೊಳೆಗಳು!

ಮದುವೆ ಮೇಳಿಗೆಯಲ್ಲಿ ಸಾಂಗವಾಗಿ ನಡೆಯಿತು. ಸಾಗರದ ಕಡೆಯವರು ನನ್ನನ್ನು ನೋಡಿದ ಕೂಡಲೇ ತಮ್ಮತಮ್ಮಲ್ಲೇ ಪಿಸುಗುಟ್ಟಿ, ಎಲೆಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಿಸಿದರು. ಅದು ಗೌರವವೋ ಕನಿಕರವೋ ನಾನು ವಿಚಾರಿಸಲಿಲ್ಲ. ಅಟ್ಟದ ಬಾಗಿಲನ್ನು ಕೊನೆಗೆ ಬಿಡಿಸಿದವರು ಮಳೆಗಾಲದ ಮೇಲೆ ಬಿಡುವಾಗಿ ಬಂದ ಆಚಾರ್ರು. ಹಲಗೆಗಳನ್ನು ಸಾವಿತ್ರಿ ಬಚ್ಚಲ ಒಲೆಗೆ ಕೇಳಿದಳು. ನಾನು ಕೊಡಲಿಲ್ಲ. ಅದರಲ್ಲಿ ನಮಗೊಂದು ಬೆಂಚು ಮಾಡಿಸಿದೆ. ಮಾಡಿದೆ ಎಂದಲ್ಲ, ಮಾಡಿಸಿದೆ.

ಕೆಲವು ವರ್ಷದ ಮೇಲೆ ಸದಾನಂದ ಸಾಗರದಲ್ಲಿ ಸ್ವಂತ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಹೋದೆವು. ಊಟವಾದ ಮೇಲೆ ಅವನ ಕೈ ಹಿಡಿದುಕೊಂಡು ಬಹಳ ಪ್ರೀತಿಯಿಂದ ಹೇಳಿದೆ:

“ಮನೆ ಚೆನ್ನಾಗಿದೆ. ಅಟ್ಟಕ್ಕೆ ಹಲಗೆ ಹೊಡೆಯೋದೇನಾದ್ರೂ ಇದ್ರೆ ಸಂಕೋಚ ಮಾಡ್ಕೊಬೇಡ. ಒಂದು ವಾರ ರಜಾ ಹಾಕಿ ಬರ್ತೇನೆ.”

ನನ್ನ ಷಡ್ಡಕ ಯಾರಿಗೂ ಎದುರಿಗೆ ಇಲ್ಲ ಅನ್ನುವವನಲ್ಲ. ಸುಳ್ಳು ಹೇಳುವವನಂತೂ ಮೊದಲೇ ಅಲ್ಲ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

“ಭಾವ, ಈ ಮನೆಗೆ ಅಟ್ಟವೇ ಇಲ್ಲ” ಎಂದ.

ಹಾಗೆ ಹೇಳುವಾಗ ಅವನು ನಿಂತಿದ್ದದ್ದು ಅಟ್ಟಕ್ಕೆ ಹೋಗುವ ಮೆಟ್ಟಿಲಿನ ಮೇಲೆ.